ರಾಗಿ ಅಂಬಲಿಗೆ ಕಾಳಿನ ಹಿಟ್ಟು ಸೇರಿಸಿದರೆ ಹುಳಿ ಬರುತ್ತದಾ? ಯಾವ ಕಾಳು ಒಳ್ಳೆಯದು?

ಖಂಡಿತ ಬರುತ್ತದೆ. ನಮ್ಮ ತಾಳವಾಡಿ ಕಡೆ ಬೆಳಗಾದರೆ ಅಂಬಲಿ ಬೇಕೇ ಬೇಕು. ಆದರೆ 100 ಗ್ರಾಂ ರಾಗಿಯಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೇ, ಅದರಲ್ಲೂ ಲೈಸಿನ್ (ಪ್ರೋಟೀನಿನಲ್ಲಿರುವ, ಮೈಗೆ ಬೇಕಾದ ಒಂದು ಅಂಶ) ಕಡಿಮೆ. ಕಾಳುಗಳಲ್ಲಿ ಪ್ರೋಟೀನ್ 20 ಗ್ರಾಂ ದಾಟುತ್ತದೆ, ಲೈಸಿನ್ ಕೂಡ ಜಾಸ್ತಿ. ಕಾಳಲ್ಲಿ ಕಮ್ಮಿ ಇರುವ ಮೆಥಿಯೋನಿನ್ ಎಂಬ ಅಂಥದ್ದೇ ಇನ್ನೊಂದು ಅಂಶ ರಾಗಿಯಲ್ಲಿದೆ. ಒಳ್ಳೆ ಜೋಡಿ ಅಲ್ವಾ?

ನಾನು ಹೇಳುವುದು ಹೆಸರುಕಾಳು. ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬಿಸಿಲಲ್ಲಿ ಒಣಗಿಸಿ, ಘಮ ಬರುವ ತನಕ ಹುರಿದು ಬೀಸಿಕೊಳ್ಳಿ. ಹುರಿಯದಿದ್ದರೆ ಹಸಿ ವಾಸನೆ ಉಳಿಯುತ್ತದೆ, ಮಕ್ಕಳು ಲೋಟವನ್ನೇ ಮುಟ್ಟುವುದಿಲ್ಲ. ಮೂರು ಪಾಲು ರಾಗಿಹಿಟ್ಟಿಗೆ ಇದು ಒಂದು ಪಾಲು ಸಾಕು. ನೀರಲ್ಲಿ ಕಲಸಿ ರಾತ್ರಿಯಿಡೀ ಮುಚ್ಚಿಡಿ. ಬೆಳಗ್ಗೆ ಮೇಲೆ ಸಣ್ಣ ಗುಳ್ಳೆ, ಹಿತವಾದ ಹುಳಿ ವಾಸನೆ ಇರಬೇಕು. ಕೆಟ್ಟ ನಾತ ಬಂದರೆ ಚೆಲ್ಲಿಬಿಡಿ. ಆಮೇಲೆ ಕುದಿಯುವ ನೀರಿಗೆ ಬಿಟ್ಟು, ಗಂಟಾಗದಂತೆ ತಿರುವುತ್ತಾ ಬೇಯಿಸಿ.

ಮೊಳಕೆ, ಹುಳಿ ಎರಡೂ ಸೇರಿ ಫೈಟೇಟ್ (ಕಾಳು, ಧಾನ್ಯದಲ್ಲಿದ್ದು ಕಬ್ಬಿಣದಂಶ ಮೈಗೆ ಹತ್ತದಂತೆ ತಡೆಯುವ ವಸ್ತು) ತಗ್ಗಿಸುತ್ತವೆ. ಆಗ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತದೆ.

ಹುರುಳಿಯೂ ಆಗುತ್ತದೆ, ಆದರೆ ಅದು ಇನ್ನೂ ಚೆನ್ನಾಗಿ ಬೇಯಬೇಕು. ಮಜ್ಜಿಗೆ, ಹೆಚ್ಚಿದ ಈರುಳ್ಳಿ ಹಾಕುವುದು ಪೂರ್ತಿ ಆರಿದ ಮೇಲೆ.