ಮಕ್ಕಳಿಗೆ ಮೈಕ್ ಕೊಟ್ಟರೆ ಹಿರಿಯರಿಗೆ ಮುನಿಸು, ಕೊಡದಿದ್ದರೆ ಮಕ್ಕಳೇ ಇರೋದಿಲ್ಲ

ಪ್ರಶ್ನೆ: ಮೇಡಂ, ನನಗೆ 46 ವರ್ಷ. ರಾಯಚೂರಿನ ನಮ್ಮ ಚರ್ಚಿನ ಸಭೆಯಲ್ಲಿ ಕ್ವಾಯರ್, ಅಂದರೆ ಹಾಡುವವರ ಗುಂಪು, ನಡೆಸುವವಳು ನಾನೇ. ಹೊಸದಾಗಿ ಬಂದ ಅಯ್ಯನವರು (ಪಾದ್ರಿ) ಹೈಸ್ಕೂಲು, ಪಿಯು ಓದುವ ಮಕ್ಕಳನ್ನೂ ಆರಾಧನೆಗೆ ಸೇರಿಸಿಕೊಳ್ಳಿ ಅಂದರು. ಎಂಟು ಮಕ್ಕಳು ಬಂದರು. ಅವರಿಗೆ ತಾಳ ಬಾರಿಸುವ ಎಲೆಕ್ಟ್ರಾನಿಕ್ ರಿದಮ್ ಪ್ಯಾಡ್ ಬೇಕು, ಯೂಟ್ಯೂಬ್‌ನಲ್ಲಿ ಕೇಳಿದ ತೆಲುಗು, ಹಿಂದಿ ಹಾಡು ಬೇಕು. ಎರಡು ಭಾನುವಾರ ಹಾಡಿಸಿದೆ. "ಇದು ಆರಾಧನೆ ಏನು, ಆರ್ಕೆಸ್ಟ್ರಾ ಏನು?" ಅಂತ ಹಿರಿಯರು ಅಂಗಳದಲ್ಲೇ ಕೂಗಾಡಿದರು. ಮೂವತ್ತು ವರ್ಷ ಆಲ್ಟೊ (ಹೆಂಗಸರ ಕೆಳಗಿನ ದನಿಯ ಸಾಲು) ಹಾಡಿದ ದೊಡ್ಡಮ್ಮ ಒಬ್ಬರು ಕ್ವಾಯರ್ ಬಿಟ್ಟು ಹಿಂದಿನ ಸಾಲಿಗೆ ಹೋಗಿ ಕೂತಿದ್ದಾರೆ. ನಿಲ್ಲಿಸಿದರೆ ಮಕ್ಕಳು ಶುಕ್ರವಾರ ರಾತ್ರಿ ಬೇರೆ ಕೂಟಕ್ಕೆ ಹೋಗ್ತಾರೆ, ಅಲ್ಲಿ ದೊಡ್ಡ ಬ್ಯಾಂಡ್ ಇದೆ. ನಮ್ಮ ಮನೆಯವರು "ಬಿಟ್ಟುಬಿಡು, ಯಾಕ ಬೇಕು ತಲೆಬ್ಯಾನಿ" ಅಂತಾರೆ. ಎಲ್ಲಾ ಮಕ್ಕಳ ಕೈಗೆ ಕೊಟ್ಟರೆ ನಾನು ಯಾಕೆ ಇರಬೇಕು ಅಂತಲೂ ಅನಿಸ್ತದೆ. ರಾಜೀನಾಮೆ ಬರೆದು ಇಟ್ಟಿದ್ದೀನಿ, ಇನ್ನೂ ಕೊಟ್ಟಿಲ್ಲ. ಇನ್ನೊಂದು ಮಾತು: ಕ್ರಿಸ್ಮಸ್ ದಿನ ನನ್ನ ಮಗ ಒಬ್ಬನೇ ಹಾಡುವಾಗ ಧ್ವನಿ ಒಡೆದು ಎಲ್ಲರೂ ನಕ್ಕರು. ಅವನಿಗೆ 14. ಅವತ್ತಿನಿಂದ ಬಾಯೇ ತೆರೆದಿಲ್ಲ. ಏನು ಮಾಡಲಿ?

ಉತ್ತರ:

ಪ್ರಿಯ ಸಹೋದರಿ,

ನೀವು ಕೊನೆಗೆ "ಇನ್ನೊಂದು ಮಾತು" ಅಂತ ಸೇರಿಸಿದ್ದೀರಲ್ಲ, ನಾನು ಅಲ್ಲಿಂದಲೇ ಶುರು ಮಾಡ್ತೀನಿ. ಹಿರಿಯರ ಸಿಟ್ಟು ನಾಲ್ಕು ತಿಂಗಳು ತಡವಾಗಿ ಇಳಿದರೂ ನಡೆದೀತು. ಮಗನ ವಿಷಯ ಹಾಗಲ್ಲ. ಹದಿನಾಲ್ಕರಲ್ಲಿ ಸಭೆಯೆದುರು ನಗೆಪಾಟಲಾದ ಹುಡುಗ ಆಮೇಲೆ ಜೀವಮಾನವಿಡೀ "ನಂಗ ಹಾಡಕ ಬರಂಗಿಲ್ಲ" ಅಂತಲೇ ಹೇಳಿಕೊಂಡು ಉಳಿದುಬಿಡಬಹುದು.

ಅವನಿಗೆ ಆದದ್ದು ಇಷ್ಟೆ. ಸಾಮಾನ್ಯವಾಗಿ ಹನ್ನೆರಡರಿಂದ ಹದಿನೈದರ ನಡುವೆ ಗಂಡುಮಕ್ಕಳ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಒಳಗಿನ ಸ್ವರತಂತುಗಳು ಉದ್ದ ಮತ್ತು ದಪ್ಪ ಆಗುತ್ತವೆ. ಧ್ವನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಇಳಿಯುವ ತಿಂಗಳುಗಳಲ್ಲಿ ಗಂಟಲು ಅವನ ಮಾತು ಕೇಳುವುದಿಲ್ಲ. ಹೋದ ವಾರ ಸಲೀಸಾಗಿ ಮುಟ್ಟಿದ ಮೇಲಿನ ಸ್ವರ ಈ ವಾರ ಸಿಗುವುದಿಲ್ಲ, ನಡುವೆಯೇ ತಟಕ್ಕನೆ ಜಾರುತ್ತದೆ. ಹೆಣ್ಣುಮಕ್ಕಳಿಗೂ ಆ ವಯಸ್ಸಿನಲ್ಲಿ ಧ್ವನಿ ಸ್ವಲ್ಪ ಇಳಿಯುತ್ತದೆ, ಕೆಲವರಿಗೆ ದನಿಯಲ್ಲಿ ಬರೀ ಗಾಳಿ ಬಂದಂತಾಗುತ್ತದೆ. ಅವರದು ಒಡೆಯದ ಕಾರಣ ಯಾರೂ ಗಮನಿಸುವುದಿಲ್ಲ. ಇದನ್ನೆಲ್ಲ ಅವನಿಗೆ ಯಾರಾದರೂ ಕೂತು ಹೇಳಿದ್ದಾರೆಯೇ? ನೀವೇ ಹೇಳಿ. ತಾಯಿಯಾಗಿ ಸಮಾಧಾನ ಮಾಡುವ ದನಿಯಲ್ಲಿ ಬೇಡ, ಕ್ವಾಯರ್ ನಡೆಸುವವರಾಗಿ ಹೇಳಿ: "ನಿನ್ನ ಧ್ವನಿ ಕೆಟ್ಟಿಲ್ಲ, ಬದಲಾಗ್ತಾ ಇದೆ. ಇನ್ನೊಂದು ವರ್ಷದಲ್ಲಿ ನಿನ್ನದು ಗಂಡಸರ ಮೇಲಿನ ದನಿ ಟೆನರ್ರೋ, ಕೆಳಗಿನ ದನಿ ಬೇಸೋ ಗೊತ್ತಾಗ್ತದೆ. ಅಲ್ಲಿತನಕ ನಿನಗೆ ಸರಿಹೋಗೋ ಸಾಲು ನಾನು ಹುಡುಕಿಕೊಡ್ತೀನಿ."

ಹುಡುಕುವುದು ಕಷ್ಟವಲ್ಲ. ಮನೆಯಲ್ಲಿ, ಯಾರೂ ಇಲ್ಲದಾಗ, ಬಾಯಿ ಮುಚ್ಚಿ "ಮ್" ಅನ್ನಿಸುತ್ತಾ ಕೀಬೋರ್ಡಿನಲ್ಲಿ ಒಂದೊಂದೇ ಸ್ವರ ಹಿಡಿಸಿ. ಹಾಯಾಗಿ ಬರುವುದು ಐದಾರು ಸ್ವರ ಇದ್ದರೂ ಸಾಕು, ಬರೆದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ಮತ್ತೆ ನೋಡಿ, ಬದಲಾಗಿರುತ್ತದೆ. ಮೇಲಿನ ಸ್ವರಕ್ಕೆ ಎಳೆಯಬೇಡಿ, ಪೂರ್ತಿ ನಿಲ್ಲಿಸಲೂ ಬೇಡಿ. ಇನ್ನೊಂದು ವರ್ಷ ಸೋಲೋ ಬೇಡ. ನಕ್ಕವರಲ್ಲಿ ಕ್ವಾಯರಿನವರು ಇದ್ದರೆ ಅವರನ್ನು ಬೇರೆಯಾಗಿ ಕರೆದು, ಮಗನ ಹೆಸರು ಎತ್ತದೆ, ಅಭ್ಯಾಸದಲ್ಲಾಗಲಿ ಆರಾಧನೆಯಲ್ಲಾಗಲಿ ಯಾರ ಧ್ವನಿಗೂ ನಗಕೂಡದು ಅಂತ ಖಡಕ್ಕಾಗಿ ಹೇಳಿ. ನಿಮ್ಮ ಎಂಟು ಮಕ್ಕಳಲ್ಲಿ ಇನ್ನೂ ಇಬ್ಬರು ಮೂವರು ಹುಡುಗರು ಇದೇ ಹೆದರಿಕೆಯಲ್ಲಿ ಪ್ಯಾಡಿನ ಹಿಂದೆ ಅಡಗಿಕೊಂಡಿರಬಹುದು. ಪ್ಯಾಡ್ ಬಾರಿಸುವವನನ್ನು ಯಾರೂ ಹಾಡು ಅನ್ನುವುದಿಲ್ಲವಲ್ಲ.

ಇಲ್ಲಿಯೇ ಒಂದು ಕೆಲಸದಲ್ಲಿ ಎರಡು ಕಡೆಯವರೂ ಹಗುರಾಗುವ ದಾರಿ ಇದೆ. ನಮ್ಮ ಹಳೆಯ ಸಂಗೀತಗಳನ್ನು, ಅಂದರೆ ಆರಾಧನೆಯ ಹಾಡುಗಳನ್ನು, ಎತ್ತರದ ಶ್ರುತಿಯಲ್ಲೇ ಹಾಡುವ ರೂಢಿ ಬಹಳ ಸಭೆಗಳಲ್ಲಿದೆ. ಕರಿ ಎರಡರ (ಎರಡನೇ ಕಪ್ಪು ಮನೆಯ) ಶ್ರುತಿಯಲ್ಲಿ ಹಾಡುವುದನ್ನು, ಕೀಬೋರ್ಡಿನಲ್ಲಿ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಬಟನ್ ಒತ್ತಿ, ಬಿಳಿ ಒಂದಕ್ಕೆ ಇಳಿಸಿ ನೋಡಿ. ಧ್ವನಿ ಒಡೆಯುತ್ತಿರುವ ಹುಡುಗರು ಸೇರಿಕೊಳ್ಳುತ್ತಾರೆ. ವಯಸ್ಸಾದ ಹೆಂಗಸರ ಧ್ವನಿಯೂ ಇಳಿದಿರುತ್ತದೆ, ಅವರೂ ನಿರಾಳವಾಗಿ ಹಾಡುತ್ತಾರೆ. ತಮ್ಮ ಹಾಡು ತಮ್ಮ ಗಂಟಲಿಗೆ ವಾಪಸ್ ಬಂದದ್ದನ್ನು ಹಿರಿಯರು ಖಂಡಿತ ಗುರುತಿಸುತ್ತಾರೆ.

ಇನ್ನು ಹಾಡಿನ ಜಗಳ. ಹಿರಿಯರ ವಾದದಲ್ಲಿ ಅರ್ಧ ಸತ್ಯ ಇದೆ, ಅರ್ಧ ಇಲ್ಲ. ಇಲ್ಲದ ಅರ್ಧ ಯಾವುದೆಂದರೆ, ಅವರು ಕಾಪಾಡುತ್ತಿರುವುದೆಲ್ಲ ಒಂದು ಕಾಲಕ್ಕೆ ಈ ಊರುಗಳಿಗೆ ಹೊಸದೇ. ಲಂಡನ್ ಮಿಷನ್ನಿನ ಮಿಷನರಿ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ, ಅದಕ್ಕಿಂತ ಮುಂಚೆ ಇಲ್ಲಿ ಈ ಹಳೆಯ ಹಾಡುಗಳ ರಾಗಗಳನ್ನು ಕೇಳಿದವರು ಯಾರು? ಹಾರ್ಮೋನಿಯಂ ಕೂಡ ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನಿಂದ ಬಂದದ್ದು. ಅದು ನಮ್ಮ ಸಂಗೀತಕ್ಕೆ ಹೊಂದುವುದಿಲ್ಲ ಅಂತ ಆಕಾಶವಾಣಿಯೇ 1940ರಲ್ಲಿ ನಿಷೇಧ ಹಾಕಿತ್ತು, ಅದು ಸಡಿಲವಾದದ್ದು 1971ರಲ್ಲಿ. ಈಗ ಅದೇ ಪೆಟ್ಟಿಗೆ ಇಲ್ಲದೆ ಆರಾಧನೆ ಸಪ್ಪೆ ಅನ್ನುತ್ತೇವೆ.

ಸತ್ಯ ಇರುವ ಅರ್ಧವನ್ನು ಮಕ್ಕಳಿಗೆ ಹೇಳುವವರು ಬೇಕು. ಸಭೆಯಲ್ಲಿ ಯಾರಾದರೂ ತೀರಿಕೊಂಡ ಮನೆಗೆ ಹೋದಾಗ, ರಾತ್ರಿ ಕರೆಂಟ್ ಇಲ್ಲ, ಪುಸ್ತಕ ಇಲ್ಲ, ಆಗ ನಾಲ್ಕು ಚರಣ ಬಾಯಿಪಾಠ ಬರುವುದು ಆ ಹಿರಿಯರಿಗೆ ಮಾತ್ರ. ಫೋನಿನ ಪರದೆಯ ಮೇಲಿನ ಹಾಡು ಅಲ್ಲಿ ಒದಗುವುದಿಲ್ಲ. ಆದ್ದರಿಂದ ಮಕ್ಕಳು ಹಳೆಯ ಹಾಡು ಬಿಡಬಾರದು ಅನ್ನುವುದರಲ್ಲಿ ನಾನು ಹಿರಿಯರ ಕಡೆ. ಹೊಸ ಹಾಡು ತಿಂಗಳಿಗೆ ಒಂದೇ ಇರಲಿ, ಅದನ್ನೇ ಮೂರು ನಾಲ್ಕು ಭಾನುವಾರ ಹಾಡಿ, ಸಭೆಯ ಬಾಯಿಗೆ ಹತ್ತಲಿ. ವಾರಕ್ಕೊಂದು ಹೊಸದು ತಂದರೆ ಅದು ಎಂಟು ಮಕ್ಕಳ ಕಾರ್ಯಕ್ರಮ ಆಗುತ್ತದೆ, ಉಳಿದವರು ನೋಡುತ್ತಾ ಕೂರುತ್ತಾರೆ. ತೆಲುಗು ಹಾಡಿಗೆ ನನ್ನ ಅಡ್ಡಿಯಿಲ್ಲ. ರಾಯಚೂರಿನಲ್ಲಿ ಎಷ್ಟೋ ಮನೆಗಳ ಮಾತೇ ಅದು. ಆದರೆ ಹಾಡು ಆರಿಸಿದ ಮಗು ಅದರ ಅರ್ಥವನ್ನು ಹಾಡುವ ಮುಂಚೆ ಎರಡು ವಾಕ್ಯದಲ್ಲಿ ಕನ್ನಡದಲ್ಲಿ ಹೇಳಬೇಕು. ಹೇಳಲು ಬರದಿದ್ದರೆ ಆ ಹಾಡು ಮುಂದಿನ ತಿಂಗಳಿಗೆ.

ಪ್ಯಾಡಿನ ವಿಷಯಕ್ಕೆ ನಿಯಮ ಒಂದೇ ಸಾಕು. ಸಭೆ ಹಾಡುತ್ತಿರುವಾಗ ನೀವು ನಡುವಿನ ಸಾಲಿಗೆ ಹೋಗಿ ನಿಲ್ಲಿ. ಪಕ್ಕದವರು ಹಾಡುವುದು ನಿಮಗೆ ಕೇಳಿಸದಿದ್ದರೆ ವಾದ್ಯದ ಸದ್ದು ಜಾಸ್ತಿ ಆಯಿತು. ಎತ್ತರದ ಮಾಳಿಗೆಯ ಕಲ್ಲು ಕಟ್ಟಡದಲ್ಲಿ ಪ್ಯಾಡಿನ ಏಟು ಗೋಡೆಗೆ ಬಡಿದು ತಿರುಗಿ ಬರುತ್ತದೆ, ಬಾರಿಸುವ ಹುಡುಗನಿಗೆ ಅದು ತಿಳಿಯುವುದಿಲ್ಲ. ಅವನನ್ನೂ ಒಮ್ಮೆ ಆ ಸಾಲಿನಲ್ಲಿ ನಿಲ್ಲಿಸಿ ಕೇಳಿಸಿ. ಬೈದು ಕಲಿಸಲಾಗದ್ದು ಅಲ್ಲಿ ಐದು ನಿಮಿಷದಲ್ಲಿ ತಿಳಿಯುತ್ತದೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು. ಮಕ್ಕಳು ಶುಕ್ರವಾರದ ಕೂಟಕ್ಕೆ ಹೋಗುವುದು ಬ್ಯಾಂಡಿಗಾಗಿ ಅಂತ ನೀವು ತಿಳಿದಿದ್ದೀರಿ. ಸ್ವಲ್ಪ ಮಟ್ಟಿಗೆ ನಿಜ ಇರಬಹುದು. ಆದರೆ ಭಾನುವಾರ ಅವರಲ್ಲಿ ಒಬ್ಬ ಬರದಿದ್ದರೆ ನಿಮ್ಮ ಆರಾಧನೆಯಲ್ಲಿ ಏನಾದರೂ ನಿಲ್ಲುತ್ತದೆಯೇ? ನೀವು ಅವರಿಗೆ ಎರಡು ಭಾನುವಾರ ಕೊಟ್ಟಿರಿ, ಮನೆಗೆ ಬಂದ ನೆಂಟರಿಗೆ ತಟ್ಟೆ ಹಾಕಿದ ಹಾಗೆ. ಮನೆಯ ಮಕ್ಕಳಿಗೆ ನೀರು ತಾ, ಎಲೆ ಹಾಕು ಅಂತ ಕೆಲಸ ಹೇಳುತ್ತೇವೆ. ಯುವಜನರ ಭಾನುವಾರ ಅಂತ ವರ್ಷಕ್ಕೊಂದು ದಿನ ಎತ್ತಿಡುವುದು ನನಗೆ ಇಷ್ಟವಿಲ್ಲದ್ದು ಇದಕ್ಕೇ. ಆವತ್ತು ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮರುವಾರ ಮಕ್ಕಳು ಮತ್ತೆ ಹಿಂದಿನ ಸಾಲಿಗೆ.

ಬೈಬಲಿನಲ್ಲಿ ಮೊದಲನೆಯ ಪೂರ್ವಕಾಲವೃತ್ತಾಂತದ 25ನೇ ಅಧ್ಯಾಯ ತೆಗೆದು ನೋಡಿ. ದೇವಾಲಯದ ಗಾಯಕರು 288 ಮಂದಿ, ಹನ್ನೆರಡು ಹನ್ನೆರಡು ಜನರ 24 ವರ್ಗಗಳು. ಸರದಿ ಗೊತ್ತುಮಾಡಲು ಚೀಟು ಹಾಕಿದಾಗ ಚಿಕ್ಕವರು ದೊಡ್ಡವರು, ಗುರು ಶಿಷ್ಯ ಅನ್ನುವ ಭೇದ ಮಾಡಲಿಲ್ಲ. ಕಲಿಯುತ್ತಿರುವವನೂ ಕಲಿಸುವವನ ಜೊತೆಗೇ ಸರದಿಯಲ್ಲಿ ನಿಂತ. ಅಂಗಳದಲ್ಲಿ ಕೂಗಾಡಿದ ಹಿರಿಯರು ಬೈಬಲ್ ಓದುವವರಾದ್ದರಿಂದ, ನನ್ನ ನಿಮ್ಮ ಮಾತಿಗಿಂತ ಈ ಅಧ್ಯಾಯ ಅವರಿಗೆ ಬೇಗ ನಾಟುತ್ತದೆ.

ಹಾಗಾದರೆ ಕೆಲಸ ಕೊಡಿ, ಸಣ್ಣದಾದರೂ ಖಾಯಂ ಆಗಿರಲಿ. ಮೈಕು, ವೈರು ಇಡುವ ಕಬ್ಬಿಣದ ಅಲಮಾರಿಯ ಬೀಗದ ಕೈ ಯಾರ ಹತ್ತಿರ ಇದೆ? ಒಬ್ಬ ಪಿಯು ಹುಡುಗಿಗೆ ಕೊಡಿ. ಎಲ್ಲರಿಗಿಂತ ಮೊದಲು ಬಂದು ತೆಗೆಯುವುದು ಅವಳ ಹೊಣೆ. ಹಾಡಲು ಒಲ್ಲೆ ಅನ್ನುವವನಿಗೆ ಸೌಂಡ್ ಮಿಕ್ಸರ್ ಒಪ್ಪಿಸಿ, ಇನ್ನೊಬ್ಬರಿಗೆ ಬೈಬಲಿನ ಕೀರ್ತನೆಯ ವಾಚನ. ಪ್ರತಿ ಮಗುವಿನ ಪಕ್ಕ ದೊಡ್ಡವರು ಒಬ್ಬರು ನಿಲ್ಲಲಿ. ವಾದ್ಯವೆಲ್ಲ ಹುಡುಗರಿಗೆ, ಹಾಡು ಹುಡುಗಿಯರಿಗೆ ಅನ್ನುವ ಹಂಚಿಕೆ ನಮ್ಮಲ್ಲಿ ತಾನಾಗಿಯೇ ಆಗಿಬಿಡುತ್ತದೆ, ಹಾಗಾಗಲು ದಯವಿಟ್ಟು ಬಿಡಬೇಡಿ. ಪ್ಯಾಡನ್ನೂ ಕೀಬೋರ್ಡನ್ನೂ ಹುಡುಗಿಯರೂ ಕಲಿಯಲಿ. ಪ್ರತಿ ವಾದ್ಯಕ್ಕೆ ಇಬ್ಬರು ತಯಾರಿರಲೇಬೇಕು. ಪಿಯು ಮುಗಿದ ಕೂಡಲೆ ನಮ್ಮ ಭಾಗದ ಮಕ್ಕಳು ಬೆಂಗಳೂರು, ಹೈದರಾಬಾದ್ ಅಂತ ಹೊರಟುಬಿಡುತ್ತಾರೆ, ಒಬ್ಬನನ್ನೇ ನಂಬಿದರೆ ಜೂನ್ ತಿಂಗಳಲ್ಲಿ ಕೀಬೋರ್ಡ್ ಮುಚ್ಚಿಡಬೇಕಾಗುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳನ್ನು ಫೆಬ್ರವರಿಯಿಂದ ಪರೀಕ್ಷೆ ಮುಗಿಯುವ ತನಕ ಅಭ್ಯಾಸಕ್ಕೆ ಕರೆಯಬೇಡಿ. ಈಸ್ಟರ್ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವತ್ತಾದರೂ ಬೀಳಬಹುದು, ಪರೀಕ್ಷೆಯೂ ಅದೇ ಹೊತ್ತಿಗೆ. ಈಸ್ಟರಿಗೆ ಮುಂಚಿನ ಶ್ರಮೆಯ ವಾರದ ಭಾರ ಎಂಟು, ಒಂಬತ್ತನೇ ತರಗತಿಯವರ ಮೇಲೂ ದೊಡ್ಡವರ ಮೇಲೂ ಇರಲಿ ಅಂತ ಜನವರಿಯಲ್ಲೇ ಗೊತ್ತುಮಾಡಿ. ತಂದೆತಾಯಿಗಳು ನಿಮ್ಮ ಕಡೆ ನಿಲ್ಲಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಅಭ್ಯಾಸ ಒಂದು ಗಂಟೆಗಿಂತ ಹೆಚ್ಚು ಬೇಡ, ಕತ್ತಲಾಗುವ ಮುಂಚೆ ಮುಗಿಯಲಿ. ಕೊನೆಗೆ ಚಹಾ, ಮಿರ್ಚಿ, ಒಗ್ಗರಣಿ ಮಂಡಕ್ಕಿ ಇದ್ದರೆ ದೊಡ್ಡವರೂ ಕೂರುತ್ತಾರೆ. ಇನ್ನೊಂದು ವಿಷಯದಲ್ಲಿ ಸಡಿಲ ಬಿಡಲೇಬೇಡಿ. ಹದಿನೆಂಟು ತುಂಬದವರೆಲ್ಲ ಕಾನೂನಿನ ಕಣ್ಣಿಗೆ ಮಕ್ಕಳೇ, 2012ರ ಪೋಕ್ಸೊ ಕಾಯ್ದೆ ಅವರ ರಕ್ಷಣೆಗೆ ಇದೆ. ಒಬ್ಬ ದೊಡ್ಡವರು, ಒಂದು ಮಗು, ಮುಚ್ಚಿದ ಬಾಗಿಲು, ಇದು ಯಾವತ್ತೂ ಆಗಬಾರದು, ಆ ದೊಡ್ಡವರು ಎಂಥ ಭಕ್ತರಾದರೂ ಸರಿ. ವಾಟ್ಸಾಪ್ ಗುಂಪಿನಲ್ಲಿ ತಂದೆತಾಯಿಗಳೂ ಇರಲಿ. ರಾತ್ರಿ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ ಮೆಸೇಜು ಹೋಗಕೂಡದು.

ದೊಡ್ಡಮ್ಮನ ಮನೆಗೆ ನೀವೊಬ್ಬರೇ ಹೋಗಿ. ಅಯ್ಯನವರನ್ನು ಕರೆದೊಯ್ದರೆ ಅದು ಪಂಚಾಯ್ತಿ ಆಗುತ್ತದೆ. ಬೇಜಾರು ಮಾಡ್ಕೋಬ್ಯಾಡ್ರಿ, ವಾಪಸ್ ಬರ್ರಿ ಅಂತ ಕೇಳಿದರೆ ಅವರು ಬೇಡ ಅಂದಾರು, ಮಾತು ಅಲ್ಲಿಗೇ ಮುಗಿದೀತು. ನಿಮಗೆ ಬೇಕಾದದ್ದನ್ನೇ ಕೇಳಿ: "ದೊಡ್ಡಮ್ಮಾ, ಆ ಶುಭ ಶುಕ್ರವಾರದ ಹಾಡಿನ ಆಲ್ಟೊ ನಿಮಗ ಬಿಟ್ರ ಯಾರಿಗೂ ಬರಂಗಿಲ್ರೀ. ಎರಡು ಹುಡುಗ್ಯಾರನ್ನ ಕಳಸ್ತೀನಿ, ಇಲ್ಲೇ ಕಟ್ಟಿ ಮ್ಯಾಲ ಕುಂದ್ರಿಸಿಕೊಂಡು ಹೇಳಿಕೊಡ್ರಿ." ಮೂವತ್ತು ವರ್ಷ ಹಾಡಿದವರಿಗೆ ತಾವು ಹೋದರೂ ಹಾಡು ನಡೆಯುತ್ತದೆ ಅನ್ನುವುದೇ ನೋವು. ಆ ಹುಡುಗಿಯರು ನಾಲ್ಕು ಸಲ ಹೋಗಿ ಬಂದ ಮೇಲೆ ಕ್ವಾಯರಿಗೆ ಬರುವುದು ಬಿಡುವುದು ಅವರ ಇಷ್ಟಕ್ಕೆ ಬಿಡಿ. ಶುಕ್ರವಾರದ ಕೂಟಕ್ಕೂ ಬೇಲಿ ಹಾಕಬೇಡಿ. ಅಲ್ಲಿ ಏನು ಹಾಡಿದಿರಿ ಅಂತ ಮಕ್ಕಳನ್ನು ಕೇಳಿ, ನಮಗೆ ಒಗ್ಗುವುದಿದ್ದರೆ ತೆಗೆದುಕೊಳ್ಳಿ.

ಎಲ್ಲಾ ಮಕ್ಕಳ ಕೈಗೆ ಕೊಟ್ಟರೆ ನಾನು ಯಾಕೆ ಇರಬೇಕು ಅಂತ ಕೇಳಿದ್ದೀರಿ. ಕೇಳಿದ್ದು ಒಳ್ಳೆಯದಾಯಿತು, ಅದನ್ನು ನುಂಗಿಕೊಂಡು ಕ್ವಾಯರ್ ನಡೆಸುವವರು ಮಕ್ಕಳನ್ನು ಮೆಲ್ಲಗೆ ಹೊರದಬ್ಬುತ್ತಾರೆ. ಹದಿನೈದರ ಹುಡುಗರಿಗೆ ಹಾಡು ಬರುತ್ತದೆ. ಮಳೆ ಬಂದ ದಿನ ಮೂರೇ ಜನ ಬಂದಾಗ ಯಾವ ಹಾಡು ತೆಗೆಯಬೇಕು, ಹಾಡಿನ ನಡುವೆ ಕರೆಂಟ್ ಹೋದರೆ ಸಭೆಯನ್ನು ಹೇಗೆ ಹಿಡಿದು ನಡೆಸಬೇಕು ಅನ್ನುವುದು ಬರುವುದಿಲ್ಲ. ಅದು ನಿಮಗೆ ಬರುತ್ತದೆ. ತಿಂಗಳಲ್ಲಿ ಒಂದು ಭಾನುವಾರದ ಹಾಡುಗಳನ್ನು ಪೂರ್ತಿ ಅವರೇ ಆರಿಸಲಿ, ಆವತ್ತು ನೀವು ಪಕ್ಕದಲ್ಲಿ ನಿಂತು ಆಲ್ಟೊ ಹಾಡಿ. ಉಳಿದ ಭಾನುವಾರ ನಡುವೆ ನಿಮ್ಮ ಜಾಗದಲ್ಲೇ ನಿಲ್ಲಿ.

ರಾಜೀನಾಮೆ ಕೊಡಬೇಡಿ. ಬದಲಿಗೆ ಮುಂದಿನ ಕಮಿಟಿ ಸಭೆಗೆ ಬೇರೆ ಪತ್ರ ಬರೆಯಿರಿ: ಒಂದು ವರ್ಷ ಹೀಗೆ ನಡೆಸುತ್ತೇನೆ, ಅಲ್ಲಿಯವರೆಗೆ ದೂರು ಇದ್ದವರು ಅಂಗಳದಲ್ಲಿ ಮಕ್ಕಳ ಮುಂದೆ ಕೂಗದೆ ನನ್ನ ಹತ್ತಿರ ಬಂದು ಹೇಳಬೇಕು, ಮತ್ತು ಇದನ್ನು ಅಯ್ಯನವರೇ ವೇದಿಕೆಯಿಂದ ಪ್ರಕಟಿಸಬೇಕು. ಮಕ್ಕಳನ್ನು ಸೇರಿಸಿಕೊಳ್ಳಿ ಅಂದವರು ಅವರು. ಆ ಮಾತಿನ ಹಿಂದೆ ಸಭೆಯೆದುರು ನಿಲ್ಲುವ ಹೊಣೆಯೂ ಅವರದೇ.