ಎರಡನೇ ವರ್ಷದ ವಿದ್ಯಾರ್ಥಿಗೆ ‘ಸಾಫಮೋರ್’ ಅನ್ನುವುದು ಯಾಕೆ?

ಅಮೆರಿಕದಲ್ಲಿ ಹೈಸ್ಕೂಲು ಸಾಮಾನ್ಯವಾಗಿ ನಾಲ್ಕು ವರ್ಷ, ಕಾಲೇಜಿನ ಪದವಿಯೂ ನಾಲ್ಕು ವರ್ಷ. ಎರಡು ಕಡೆಯೂ ಎರಡನೇ ವರ್ಷದಲ್ಲಿ ಓದುವವರು ಸಾಫಮೋರ್. ಹೈಸ್ಕೂಲಿನಲ್ಲಾದರೆ ಅದು 10ನೇ ತರಗತಿ. ಮೊದಲ ವರ್ಷದವರು ಫ್ರೆಶ್‌ಮನ್, ಆಮೇಲಿನವರು ಜೂನಿಯರ್, ಸೀನಿಯರ್.

ಗ್ರೀಕಿನಲ್ಲಿ ‘ಸೋಫೋಸ್’ ಅಂದರೆ ಜಾಣ, ‘ಮೋರೋಸ್’ ಅಂದರೆ ದಡ್ಡ. ಎರಡೂ ಸೇರಿ ‘ಜಾಣದಡ್ಡ’ ಆಯಿತು ಅನ್ನುವ ವಿವರಣೆಯೇ ಜಾಸ್ತಿ ಸಿಗುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಪದ ಹುಟ್ಟಿದ್ದು ಹಾಗಲ್ಲ.

17ನೇ ಶತಮಾನದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ವಾದ ಮಾಡುವುದು ಓದಿನ ದೊಡ್ಡ ಭಾಗವಾಗಿತ್ತು. ಒಂದು ಮಾತನ್ನು ಒಬ್ಬ ವಿದ್ಯಾರ್ಥಿ ಎಲ್ಲರೆದುರು ಸಮರ್ಥಿಸಬೇಕು, ಉಳಿದವರು ಅದರಲ್ಲಿ ತಪ್ಪು ಹುಡುಕಿ ತೋರಿಸಬೇಕು. ಇಂಥ ವಾದಕ್ಕೆ ‘ಸಾಫಮ್’ ಎಂಬ ಪದವಿತ್ತು. ಅದು ‘ಸಾಫಿಸಂ’ನ ಹಳೆಯ ರೂಪ. ಸಾಫಿಸಂ ಅಂದರೆ ಕೇಳಲು ಸರಿ ಅನ್ನಿಸಿದರೂ ಒಳಗೆ ತಪ್ಪಿರುವ ವಾದ; ಅದರ ಬೇರು ‘ಸೋಫೋಸ್’. ವಾದ ಮಾಡುವವನು ‘ಸಾಫಮರ್’. ಅದೇ ಮುಂದೆ ಸಾಫಮೋರ್ ಆಯಿತು.

ಹಾಗಾಗಿ ‘ಸೋಫೋಸ್’ ಜೊತೆ ದೂರದ ನಂಟು ಉಂಟು. ‘ಮೋರೋಸ್’ ಮಾತ್ರ ಜನ ಆಮೇಲೆ ಸೇರಿಸಿದ ಕಥೆ. ಪದದ ಕೊನೆಯ ಕಾಗುಣಿತ ಬದಲಾಗಿದ್ದಕ್ಕೂ ಬಹುಶಃ ಆ ಕಥೆಯೇ ಕಾರಣ. ಅರೆಬರೆ ತಿಳಿದು ಎಲ್ಲ ಗೊತ್ತಿರುವಂತೆ ಮಾತಾಡುವುದನ್ನು ಇಂಗ್ಲಿಷಿನಲ್ಲಿ ಈಗಲೂ ‘ಸಾಫಮೊರಿಕ್’ ಅನ್ನುತ್ತಾರೆ.