ಒಂಬತ್ತು ಎಲೆ ಇದೆ, ರಾಣಿ ಮಾತ್ರ ಇಲ್ಲ

ಬ್ರಿಜ್ ಇಸ್ಪೀಟಾಟದಲ್ಲಿ ನಿಮ್ಮ ಕೈಯಲ್ಲಿ ಸ್ಪೇಡ್ ಎಕ್ಕ, ರಾಜ, ಗುಲಾಮ, ಹತ್ತು, ಐದು. ಡಮ್ಮಿಯಲ್ಲಿ (ಮೇಜಿನ ಮೇಲೆ ಬಿಚ್ಚಿಟ್ಟ ನಿಮ್ಮ ಜೊತೆಗಾರರ ಕೈ) ನಾಲ್ಕು ಸಣ್ಣ ಸ್ಪೇಡ್. ಎಕ್ಕಕ್ಕೆ ಎದುರಾಳಿಗಳಿಬ್ಬರೂ ಸಣ್ಣದು ಹಾಕಿದರು, ಆಮೇಲೆ ಡಮ್ಮಿಯಿಂದ ಸ್ಪೇಡ್ ಆಡಿದಾಗ ಬಲಗಡೆಯವರು ಇನ್ನೊಂದು ಸಣ್ಣದು ಹಾಕಿದರು. ಈಗ ರಾಜನೋ ಗುಲಾಮನೋ, ಇದೇ ಪ್ರಶ್ನೆ ಅಲ್ವಾ?

ಬೇರೇನೂ ಗೊತ್ತಿಲ್ಲದಿದ್ದರೆ ರಾಜ ಹಾಕಿ, ರಾಣಿ ಎಡಗಡೆ ಇದ್ದರೆ ಬೀಳುತ್ತದೆ. ಆದರೆ 'ಒಂಬತ್ತು ಎಲೆ ಇದ್ದರೆ ಫಿನೆಸ್ (ಇಲ್ಲಿ, ರಾಣಿ ಬಲಗಡೆ ಇದೆ ಅಂತ ನಂಬಿ ಗುಲಾಮ ಹಾಕುವುದು) ಬೇಡ' ಅನ್ನುವುದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ, ನಾನು ಹಾಗೆ ಮಾಡಿ ಸುಮ್ನೆ ಎಷ್ಟೋ ಆಟ ಕಳೆದುಕೊಂಡಿದ್ದೇನೆ. ಲೆಕ್ಕ ನೋಡಿ: ಒಬ್ಬೊಬ್ಬರಿಗೆ 13 ಎಲೆ, ಎಡಗಡೆಯವರ ಒಂದು ಸ್ಪೇಡ್ ಕಂಡಿದೆ, ಬಲಗಡೆಯವರ ಎರಡು. ಹಾಗಾಗಿ ರಾಣಿ ಅಡಗಿರಲು ಎಡಕ್ಕೆ 12 ಜಾಗ, ಬಲಕ್ಕೆ 11. ಅಂದರೆ ಸುಮಾರು 52ಕ್ಕೆ 48. ಅಷ್ಟೇ!

ನಿಮ್ಮ ಆಟದಲ್ಲಿ ಎಡಗಡೆಯವರು ಶುರುವಿಗೇ ಮೂರು ಹಾರ್ಟ್ಸ್ ಕೂಗಿದ್ದಾರೆ (ಸಾಮಾನ್ಯವಾಗಿ ಏಳರಷ್ಟು ಹಾರ್ಟ್ಸ್ ಇದೆ ಅಂತ ಅರ್ಥ), ನಿಮಗೂ ಡಮ್ಮಿಗೂ ಸೇರಿ ನಾಲ್ಕೇ ಹಾರ್ಟ್ಸ್. ಅವರಲ್ಲಿ ಏಳು ಇದ್ದರೆ ಬಲಗಡೆ ಎರಡು. ಈಗ ಮತ್ತೆ ಎಣಿಸಿ: ಎಡಕ್ಕೆ ಉಳಿದದ್ದು 5 ಜಾಗ, ಬಲಕ್ಕೆ 9. ಇಷ್ಟು ಜಾಸ್ತಿ ವ್ಯತ್ಯಾಸ ಇದ್ದಾಗ ನಾನಾದರೆ ಯೋಚಿಸದೆ ಗುಲಾಮ ಹಾಕುತ್ತಿದ್ದೆ.

ಒಂದು ವಿಷಯ ಮಾತ್ರ ನೋಡಿಕೊಳ್ಳಿ. ಫಿನೆಸ್ ಸೋತರೆ ಟ್ರಿಕ್ (ಆ ಸುತ್ತಿನ ಗೆಲುವು) ಹೋಗುವುದು ಎಡಗಡೆಗೆ. ಅವರ ಕೈಗೆ ಆಟ ಹೋದರೆ ಕಾಂಟ್ರ್ಯಾಕ್ಟೇ (ಇಷ್ಟು ಟ್ರಿಕ್ ಗೆಲ್ಲುತ್ತೇವೆ ಅಂತ ನೀವು ಕೂಗಿದ್ದು) ಮುರಿಯುತ್ತದೆ, ಬಲಗಡೆಗೆ ಒಂದು ಟ್ರಿಕ್ ಕೊಟ್ಟರೆ ನಷ್ಟವಿಲ್ಲ ಅನ್ನುವಂತಿದ್ದರೆ, ಈ ಲೆಕ್ಕವೆಲ್ಲ ಬಿಟ್ಟು ರಾಜನನ್ನೇ ಹಾಕಿ.